ಹಿಮ್ಮಡಿ ಮೊದಲು ಊರಬೇಡಿ

ನವೆಂಬರ್ ತಿಂಗಳು ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದೆರಡಾದರೂ ಇದೇ ವಿಷಯದವು. "ಮಗಳ ಬಾಣಂತನಕ್ಕ ಕೆನಡಾಕ್ಕ ಹೊಂಟೀವ್ರಿ. ಜನವರಿಯೊಳಗ ಅಲ್ಲಿ ನೆಲ ಎಲ್ಲಾ ಬರ್ಫ್ ಆಗಿರತೈತಂತ. ಹೆಂಗ ಅಡ್ಡಾಡೋದು?" ಕೇಳುವವರು ಗಂಗಾವತಿ, ಕಾರಟಗಿ, ಮರಳಿ ಕಡೆಯವರು. ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ನಮ್ಮ ಕಡೆ ನೆಲದ ಮೇಲೆ ಮಂಜುಗಡ್ಡೆ ಕಾಣುವುದು ಆಲಿಕಲ್ಲು ಮಳೆ ಬಿದ್ದಾಗ ಮಾತ್ರ. ಅದೂ ಕೊಯ್ಲಿಗೆ ಬಂದ ನೆಲ್ಲು ಉದುರಿಸಿ ಅರ್ಧ ತಾಸಿನಲ್ಲಿ ಕರಗಿ ಹೋಗುವಂಥದ್ದು. ಈಗ ನೆಲ್ಲಿನ ದುಡ್ಡಿನಲ್ಲಿ ಓದಿದ ಮಕ್ಕಳು ಟೊರೊಂಟೊ, ಷಿಕಾಗೊ, ಮಿನಿಯಾಪೊಲಿಸ್ ಸೇರಿದ್ದಾರೆ. ಅವರ ಅಪ್ಪ-ಅವ್ವಂದಿರು ಐದಾರು ತಿಂಗಳಿಗೆಂದು ಹೋಗುತ್ತಾರೆ. ಉಪ್ಪಿನಕಾಯಿ, ಶೇಂಗಾ ಹಿಂಡಿ, ಸ್ವೆಟರು ಎಲ್ಲಾ ನೆನಪಿನಿಂದ ಕಟ್ಟಿಕೊಳ್ಳುತ್ತಾರೆ. ಕಾಲ ಬುಡದ ನೆಲ ಬದಲಾಗುತ್ತದೆ ಅನ್ನುವುದು ಮಾತ್ರ ವಿಮಾನ ಇಳಿದ ಮೇಲೆ ಗೊತ್ತಾಗುತ್ತದೆ.

ನನಗೂ ಹಾಗೇ ಗೊತ್ತಾದದ್ದು. ಟೊರೊಂಟೊ ಪಕ್ಕದ ಊರಿನಲ್ಲಿ ತಂಗಿಯ ಮಗನ ಮನೆಗೆ ಹೋದ ಮೂರನೇ ದಿನ. ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಹಿಂದಿನ ದಿನ ಬಿದ್ದ ಹಿಮವನ್ನು ಸಲಿಕೆಯಿಂದ ಎಳೆದು ಬದಿಗೆ ಒಟ್ಟಿದ್ದರು. ಹಿಮ ಇದ್ದಲ್ಲಿ ಕಾಲಿಡಬಾರದು ಎಂದುಕೊಂಡು, ಮಳೆ ಬಂದು ಹೋದ ಡಾಂಬರು ರಸ್ತೆಯ ಹಾಗೆ ಕಪ್ಪಗೆ ಮಿನುಗುತ್ತಿದ್ದ ಜಾಗವನ್ನೇ ಆರಿಸಿ, ಎರಡೂ ಕೈ ಕೋಟಿನ ಕಿಸೆಯಲ್ಲಿಟ್ಟು ನಡೆದೆ. ಎರಡನೇ ಹೆಜ್ಜೆಗೆ ಆಕಾಶ ಕಂಡಿತು. ದಪ್ಪ ಕೋಟು ಇದ್ದದ್ದಕ್ಕೆ ಸೊಂಟ ಉಳಿಯಿತು. ಎಬ್ಬಿಸಲು ಬಂದ ತಂಗಿಯ ಮಗ ಅವರ ಕಟ್ಟಡದ ಲಿಫ್ಟಿನ ಪಕ್ಕ ಅಂಟಿಸಿದ್ದ ಒಂದು ಚಿತ್ರ ತೋರಿಸಿದ. ಪೆಂಗ್ವಿನ್ ಹಕ್ಕಿ, ಅದರ ಪಕ್ಕ ಅದರ ಹಾಗೇ ನಡೆಯುತ್ತಿರುವ ಮನುಷ್ಯ. ಗಿಡ್ಡ ಹೆಜ್ಜೆ, ಇಡೀ ಪಾದ ಒಮ್ಮೆಲೇ ನೆಲಕ್ಕೆ, ಪಾದದ ತುದಿ ಸ್ವಲ್ಪ ಹೊರಕ್ಕೆ, ಮೊಣಕಾಲು ಸಡಿಲ, ಮೈಭಾರ ಮುಂದಿನ ಕಾಲಿನ ಮೇಲೆ, ಕೈ ಕಿಸೆಯಿಂದ ಹೊರಗೆ. ಕೆನಡಾ, ಅಮೆರಿಕ, ಜರ್ಮನಿಗಳಲ್ಲಿ ಪ್ರತಿ ಚಳಿಗಾಲ ವೈದ್ಯರು ಜನರಿಗೆ ಹೇಳುವುದು ಇದನ್ನೇ.

ಆ ಚಿತ್ರ ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಮರಳಿಯ ಗದ್ದೆಯ ಬದು.

ನಾಟಿಯ ದಿನಗಳಲ್ಲಿ ನಮ್ಮ ಗದ್ದೆಗಳ ಕಡೆ ಹೋದವರು ಈ ನಡಿಗೆಯನ್ನು ನೋಡಿಯೇ ಇರುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು, ಮಡಿಗಳು ತುಂಬಿ, ಬದು ನೆನೆದು ಬೆಣ್ಣೆಯಂತಾಗಿರುತ್ತದೆ. ಬದುವಿನ ಅಗಲ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಎರಡೂ ಕಡೆ ಮೊಣಕಾಲುದ್ದ ರಾಡಿ. ಅದರ ಮೇಲೆ ಸಸಿಯ ಕಟ್ಟು ಹೊತ್ತ ಹೆಣ್ಣುಮಗಳು ಬರುತ್ತಾಳೆ. ಚಪ್ಪಲಿ ಎಲ್ಲೋ ಬದುವಿನ ತುದಿಗೆ ಬಿಟ್ಟಿದ್ದಾಳೆ. ಸೀರೆ ಮೊಣಕಾಲಿಗೆ ಎತ್ತಿ ಸಿಗಿಸಿದ್ದಾಳೆ. ಒಂದು ಕೈ ತಲೆಯ ಮೇಲಿನ ಕಟ್ಟಿಗೆ, ಇನ್ನೊಂದು ಕೈ ಮೈಯಿಂದ ಒಂದು ಮೊಳ ದೂರ. ಹೆಜ್ಜೆ ಇಡುವಾಗ ಹಿಮ್ಮಡಿ ಮೊದಲು ಊರುವುದೇ ಇಲ್ಲ. ಇಡೀ ಅಂಗಾಲು ಮೇಲಿಂದ ನೇರ ಇಳಿಯುತ್ತದೆ, ಕಾಲ್ಬೆರಳು ಅಗಲವಾಗಿ ಬಿಚ್ಚಿಕೊಳ್ಳುತ್ತವೆ, ಹೆಬ್ಬೆರಳು ಮಣ್ಣಿಗೆ ಕಚ್ಚುತ್ತದೆ. ಆ ಕಾಲು ನಿಂತಿತು ಎಂದು ಖಾತ್ರಿಯಾದ ಮೇಲೆಯೇ ಹಿಂದಿನ ಕಾಲು ಏಳುತ್ತದೆ. ಕಣ್ಣು ಮೂರು ಮಾರು ಮುಂದಿರುತ್ತದೆ. ನಾನು ಹುಡುಗನಿದ್ದಾಗ ಬದುವಿನ ಮೇಲೆ ಓಡಲು ಹೋಗಿ ಬಿದ್ದರೆ ಅವ್ವ ಹೇಳುತ್ತಿದ್ದದ್ದು ಒಂದೇ ಮಾತು: "ಗಿಡ್ಡ ಹೆಜ್ಜಿ ಇಡೋ, ಹಿಮ್ಮಡಿ ಊರಬ್ಯಾಡ." ಟೊರೊಂಟೊದ ಲಿಫ್ಟಿನ ಪಕ್ಕದ ಚಿತ್ರದಲ್ಲಿ ಇದ್ದದ್ದು ಅವ್ವನ ಮಾತೇ.

ಹಿಮ್ಮಡಿಯದು ಏನು ತಪ್ಪು? ಒಣ ನೆಲದ ಮೇಲೆ ನಾವು ಮುಂದಿನ ಕಾಲನ್ನು ಮೈಗಿಂತ ಬಹಳ ಮುಂದೆ ಚಾಚಿ ಹಿಮ್ಮಡಿಯನ್ನು ಊರುತ್ತೇವೆ. ಆ ಕ್ಷಣದಲ್ಲಿ ಮೈಭಾರ ಇನ್ನೂ ಹಿಂದೆಯೇ ಇರುತ್ತದೆ. ಮುಂದೆ ಬರುತ್ತಿರುವ ಮೈ ಆ ಕಾಲನ್ನು ಮುಂದಕ್ಕೆ ದೂಡುತ್ತದೆ. ನೆಲ ಹಿಡಿದುಕೊಂಡರೆ ಹೆಜ್ಜೆ, ಬಿಟ್ಟರೆ ಬೀಳು. ಮಾಮೂಲಿ ನಡಿಗೆಗೆ ನೆಲದಿಂದ ಬೇಕಾದ ಹಿಡಿತ ನಮ್ಮ ತೂಕದ ಸುಮಾರು ಐದನೇ ಒಂದು ಭಾಗ. ಅರವತ್ತು ಕಿಲೊ ತೂಕದವರಿಗೆ ಹನ್ನೆರಡು ಕಿಲೊದಷ್ಟು ಎಂದಿಟ್ಟುಕೊಳ್ಳಿ. ಒಣ ಕಾಂಕ್ರೀಟು ಇದರ ಎರಡು-ಮೂರು ಪಟ್ಟು ಹಿಡಿತ ಕೊಡುತ್ತದೆ. ನೀರಾಡಿದ ಮಂಜುಗಡ್ಡೆ ಆರು ಕಿಲೊದಷ್ಟನ್ನೂ ಕೊಡುವುದಿಲ್ಲ. ಹೆಜ್ಜೆ ಗಿಡ್ಡವಾದಷ್ಟೂ ಆ ದೂಡುವ ಬಲ ಕಡಿಮೆ. ಪಾದ ಮೈಯ ನೇರ ಕೆಳಗೇ ಇಳಿದರೆ ಭಾರ ಕೆಳಮುಖವಾಗಿ ಒತ್ತುತ್ತದೆ, ಮುಂದಕ್ಕೆ ದೂಡುವುದಿಲ್ಲ. ಇಷ್ಟೇ ಸಂಗತಿ. ಮಿಕ್ಕ ಸಲಹೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಚಳಿ ಹೆಚ್ಚಿದಷ್ಟೂ ಜಾರುವುದು ಹೆಚ್ಚು ಎಂದು ನಮ್ಮವರು ತಿಳಿಯುತ್ತಾರೆ. ನಾನೂ ತಿಳಿದಿದ್ದೆ. ನಿಜ ತಿರುವು ಮುರುವು. ಮಂಜುಗಡ್ಡೆಯ ಮೇಲ್ಮೈಯಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೂ ಗಟ್ಟಿಯಾಗಿ ಕಟ್ಟಿಕೊಳ್ಳದ, ನೀರಿನಂಥ ಬಹಳ ತೆಳುವಾದ ಪದರ ಉಳಿದಿರುತ್ತದೆ. ಇದನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ 1850ರಲ್ಲೇ ಊಹಿಸಿದ್ದ. ಸೊನ್ನೆಗೆ ಹತ್ತಿರವಾದಷ್ಟೂ ಆ ಪದರ ದಪ್ಪವಾಗುತ್ತದೆ. ಆದ್ದರಿಂದ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಒಣ ಚಳಿಯಲ್ಲಿ ಶೂ ಅಷ್ಟಿಷ್ಟು ಹಿಡಿಯುತ್ತದೆ. ಸೊನ್ನೆಯ ಆಸುಪಾಸಿನ, "ಇವತ್ತು ಚಳಿ ಕಡಿಮೆ, ಹೊರಗೆ ಹೋಗಿ ಬರೋಣ" ಅನಿಸುವ ದಿನವೇ ಹೆಚ್ಚು ಅಪಾಯದ್ದು. ಹಗಲು ಕರಗಿದ ನೀರು ರಾತ್ರಿ ಮತ್ತೆ ಗಟ್ಟಿಯಾಗಿ, ಗಾಜಿನ ಹಾಗೆ ಡಾಂಬರಿಗೆ ಅಂಟಿಕೊಳ್ಳುತ್ತದೆ. ಅದರೊಳಗಿಂದ ಡಾಂಬರಿನ ಕಪ್ಪು ಕಾಣುವುದರಿಂದ ಕಣ್ಣಿಗೆ ಬರೀ ಒದ್ದೆ ನೆಲ. ಅಲ್ಲಿನವರು ಅದನ್ನು ಬ್ಲ್ಯಾಕ್ ಐಸ್ ಅನ್ನುತ್ತಾರೆ. ನನ್ನನ್ನು ಕೆಡವಿದ್ದು ಅದೇ. ಹೊಸದಾಗಿ ಬಿದ್ದ ಹಿಟ್ಟಿನಂಥ ಹಿಮದಲ್ಲಿ ಕಾಲು ಹೂತರೂ ಅಷ್ಟು ಜಾರುವುದಿಲ್ಲ. ಬೆಳಗಿನ ಹೊತ್ತು, ನೆರಳಿನ ಜಾಗ, ಮಾಳಿಗೆಯ ನೀರು ತೊಟ್ಟಿಕ್ಕುವ ಬುಡ, ಕಾರು ನಿಲ್ಲಿಸುವ ಬಯಲು, ಮೆಟ್ಟಿಲ ಮೊದಲ ಮತ್ತು ಕೊನೆಯ ಹಂತ: ಇವನ್ನು ಗುರುತಿಟ್ಟುಕೊಂಡು ಹೋಗಿ.

ಗದ್ದೆಯ ವಿದ್ಯೆ ಅಲ್ಲಿ ಪೂರ್ತಿ ಸಾಲುವುದಿಲ್ಲ ಎನ್ನುವುದನ್ನೂ ಹೇಳಬೇಕು. ರಾಡಿ ಮೆತ್ತಗಿದೆ, ಹೆಬ್ಬೆರಳು ಒಳಗೆ ಇಳಿದು ಹಿಡಿಯುತ್ತದೆ. ಮಂಜುಗಡ್ಡೆ ಕಲ್ಲು, ಬೆರಳಿಗೆ ಜಾಗ ಕೊಡುವುದಿಲ್ಲ. ಆದ್ದರಿಂದ ಬೆರಳಿನ ಕೆಲಸವನ್ನು ಶೂ ಮಾಡಬೇಕು. ನಮ್ಮ ಕಡೆಯಿಂದ ಕೊಂಡೊಯ್ಯುವ ಹೊಸ ಶೂಗಳ ಅಡಿ ಬಹುಪಾಲು ನುಣುಪು, ಇಲ್ಲವೇ ಚಳಿಗೆ ಕಟ್ಟಿಗೆಯಂತಾಗುವ ಪ್ಲಾಸ್ಟಿಕ್ಕು. ಮೆತ್ತನೆಯ ರಬ್ಬರಿನ, ಆಳವಾದ ಗೀರುಗಳಿರುವ, ಹಿಮ್ಮಡಿ ಎತ್ತರವಿಲ್ಲದ ಬೂಟನ್ನು ಅಲ್ಲೇ ಹೋಗಿ ಕೊಳ್ಳುವುದು ಲೇಸು. ಟೊರೊಂಟೊದ ಪುನರ್ವಸತಿ ಸಂಶೋಧನಾ ಸಂಸ್ಥೆಯೊಂದರಲ್ಲಿ ಮಂಜುಗಡ್ಡೆಯ ನೆಲವನ್ನೇ ಕೋಣೆಯೊಳಗೆ ನಿರ್ಮಿಸಿ, ಅದನ್ನು ಓರೆ ಮಾಡುತ್ತಾ, ಅದರ ಮೇಲೆ ಜನರನ್ನು ನಡೆಸಿ ಬೂಟುಗಳಿಗೆ ಅಂಕ ಕೊಡುತ್ತಾರೆ. ಬೆಲೆ ಹೆಚ್ಚಾದ ಮಾತ್ರಕ್ಕೆ ಹಿಡಿತ ಹೆಚ್ಚಲ್ಲ ಎಂಬುದು ಆ ಪರೀಕ್ಷೆಗಳಿಂದ ಗೊತ್ತಾಗಿದೆ. ಬೂಟಿನ ಕೆಳಗೆ ಕಟ್ಟಿಕೊಳ್ಳುವ ಸಣ್ಣ ಮೊಳೆಗಳ ರಬ್ಬರ್ ಪಟ್ಟಿಯೂ ಸಿಗುತ್ತದೆ, ಬಹಳ ಉಪಯೋಗ. ಆದರೆ ಅದನ್ನು ತೊಟ್ಟು ಅಂಗಡಿಯ ಟೈಲ್ಸ್ ಮೇಲೆ ಕಾಲಿಟ್ಟರೆ ಮೊಳೆಗಳೇ ಜಾರಿಸುತ್ತವೆ. ಬಾಗಿಲಲ್ಲೇ ಬಿಚ್ಚಬೇಕು.

ಇನ್ನೊಂದು ಉಪಾಯ ಕೇಳಿದರೆ ನೀವು ನಂಬಲಿಕ್ಕಿಲ್ಲ. ನ್ಯೂಜಿಲೆಂಡಿನ ಡುನೆಡಿನ್ ನಗರದ ಓಟಾಗೋ ವಿಶ್ವವಿದ್ಯಾಲಯದವರು ಮಂಜುಗಡ್ಡೆ ಕಟ್ಟಿದ ಇಳಿಜಾರಿನ ಹಾದಿಯಲ್ಲಿ ಮೂವತ್ತು ಜನರನ್ನಿಟ್ಟುಕೊಂಡು ಪರೀಕ್ಷೆ ಮಾಡಿ, ಶೂ ಮೇಲೆ ಉಣ್ಣೆಯಂಥ ಒರಟು ಕಾಲುಚೀಲ ಹಾಕಿಕೊಂಡವರು ಕಡಿಮೆ ಜಾರುತ್ತಾರೆ ಎಂದು 2009ರಲ್ಲಿ ಪ್ರಕಟಿಸಿದರು. ಮರುವರ್ಷ ಅದಕ್ಕೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ನೊಬೆಲ್ ಪ್ರಶಸ್ತಿ ಬಂತು, ಜಗತ್ತು ನಕ್ಕಿತು. ನಾನು ನಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಅಂಗಳದ ರಾಡಿಗೆ ನೆಲ್ಲಿನ ಹೊಟ್ಟು, ಒಲೆಯ ಬೂದಿ ಚೆಲ್ಲುತ್ತಿದ್ದ ಅಜ್ಜಿ ಮಾಡುತ್ತಿದ್ದದ್ದೂ ಇದನ್ನೇ: ನುಣುಪಿಗೂ ಕಾಲಿಗೂ ನಡುವೆ ಒಂದು ಒರಟನ್ನು ತಂದಿಡುವುದು. ಕೆನಡಾದಲ್ಲಿ ನಗರಸಭೆಯವರು ಉಪ್ಪು, ಮರಳು ಎರಡನ್ನೂ ಚೆಲ್ಲುತ್ತಾರೆ. ಉಪ್ಪು ನೀರಿನ ಹೆಪ್ಪುಗಟ್ಟುವ ಮಟ್ಟವನ್ನೇ ಕೆಳಕ್ಕೆ ಇಳಿಸುತ್ತದೆ. ಆದರೆ ಚಳಿ ಬಹಳ ಆದಾಗ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಾದಾಗ, ಮಾಮೂಲಿ ಉಪ್ಪಿನ ಕೆಲಸ ನಿಧಾನವಾಗುತ್ತದೆ. ಮರಳು ಎಷ್ಟೇ ಚಳಿಯಲ್ಲೂ ಹಿಡಿತ ಕೊಡುತ್ತದೆ. ಹೊರಬಾಗಿಲ ಹತ್ತಿರ ಒಂದು ಡಬ್ಬಿ ಮರಳು ಇಟ್ಟುಕೊಳ್ಳಲು ಮಕ್ಕಳಿಗೆ ಹೇಳಿ.

ನಮ್ಮ ತಾಯಂದಿರಿಗೆ ಒಂದು ಮಾತು. ಅಲ್ಲಿ ಸೀರೆ ಉಡುವುದಾದರೆ ನಾಟಿಗೆ ಹೋಗುವಾಗಿನಂತೆ ನಾಲ್ಕು ಬೆರಳು ಎತ್ತಿ ಉಡಿ, ಒಳಗೆ ಬೆಚ್ಚನೆಯ ಪೈಜಾಮ ಇರಲಿ. ಅಂಚು ಒದ್ದೆಯಾಗಿ ಬೂಟಿಗೆ ಸಿಕ್ಕಿದರೆ ನಡಿಗೆಯ ವಿದ್ಯೆಯೆಲ್ಲ ವ್ಯರ್ಥ. ಎರಡೂ ಕೈಯಲ್ಲಿ ಚೀಲ ಹಿಡಿಯಬೇಡಿ, ಬೆನ್ನಿಗೆ ಹಾಕಿಕೊಳ್ಳಿ. ಕಾರಿನಿಂದ ಇಳಿಯುವಾಗ ಸೀಟಿನಲ್ಲೇ ಪೂರ್ತಿ ಹೊರಳಿ, ಎರಡೂ ಪಾದ ನೆಲಕ್ಕೆ ಊರಿ, ಬಾಗಿಲು ಹಿಡಿದು ಎದ್ದೇಳಿ. ಮೊಮ್ಮಗುವನ್ನು ಎತ್ತಿಕೊಂಡು ಹೊರಗೆ ಹೆಜ್ಜೆ ಇಡಬೇಡಿ. ಎಷ್ಟೇ ಆಸೆಯಾದರೂ ಬೇಡ. ಮತ್ತು ಆರೋಗ್ಯ ವಿಮೆ ಇಲ್ಲದೆ ಹೊರಡಬೇಡಿ. ಅಲ್ಲಿ ನೆಲೆಸಿದವರ ಅಪ್ಪ-ಅವ್ವಂದಿರಿಗೆ ಕೊಡುವ ಕೆನಡಾದ ಸೂಪರ್ ವೀಸಾಕ್ಕೆ ಕಡಿಮೆ ಅಂದರೆ ಒಂದು ಲಕ್ಷ ಕೆನಡಾ ಡಾಲರಿನ, ಒಂದು ವರ್ಷದ ವಿಮೆ ಕಡ್ಡಾಯ. ಬೇರೆ ವೀಸಾದಲ್ಲಿ ಹೋಗುವವರಿಗೆ ಯಾರೂ ಕೇಳದಿದ್ದರೂ ಅಷ್ಟೇ ಅಗತ್ಯ.

ಇಷ್ಟಾದರೂ ಬೀಳಬಹುದು. ಬೀಳುವಾಗ ಎಲ್ಲರೂ ಮಾಡುವುದು ಅಂಗೈ ಚಾಚುವುದು. ಆಗ ಮಣಿಕಟ್ಟಿನ ಹತ್ತಿರ ಆಗುವ ಮೂಳೆ ಮುರಿತವನ್ನು ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿ ವಿವರಿಸಿದ. ಇವತ್ತಿಗೂ ಅದಕ್ಕೆ ಅವನದೇ ಹೆಸರು. ಕೈ ಚಾಚದೆ, ಮೊಣಕಾಲು ಮಡಚಿ ಕುಕ್ಕರಿಸುತ್ತಾ, ಗದ್ದವನ್ನು ಎದೆಗೆ ಒತ್ತಿ, ಮಾಂಸ ಇರುವ ಪಕ್ಕಕ್ಕೆ ಹೊರಳಿ ಬೀಳಿ ಎನ್ನುತ್ತಾರೆ ತಿಳಿದವರು. ಬಿದ್ದ ಮೇಲೆ ನಾಚಿಕೊಂಡು ಗಡಬಡಿಸಿ ಏಳಬೇಡಿ. ಒಂದು ನಿಮಿಷ ಹಾಗೇ ಇದ್ದು, ಎಲ್ಲೆಲ್ಲಿ ನೋವಿದೆ ನೋಡಿಕೊಂಡು ಏಳಿ. ರಕ್ತ ತೆಳುಮಾಡುವ ಗುಳಿಗೆ ನುಂಗುವವರು ತಲೆಗೆ ಪೆಟ್ಟು ಬಿದ್ದಿದ್ದರೆ, ಏನೂ ಆಗಿಲ್ಲ ಅನಿಸಿದರೂ, ಅಂದೇ ವೈದ್ಯರಿಗೆ ತೋರಿಸಲೇಬೇಕು.

ಇನ್ನು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಮಾತು. ಪರದೇಶದ ಹಿಮದ ಬಗ್ಗೆ ಕೇಳುವ ಫೋನುಗಳಿಗೆ ಉತ್ತರಿಸುವಾಗೆಲ್ಲ ನನಗೆ ಅವ್ವ ನೆನಪಾಗುತ್ತಾಳೆ. ನಲವತ್ತು ವರ್ಷ ಬದುವಿನ ಮೇಲೆ ನಡೆದವಳು, ರಾಡಿಯಲ್ಲಿ ಹಿಂದಕ್ಕೆ ಹೆಜ್ಜೆ ಇಡುತ್ತಾ ಸಸಿ ಹಚ್ಚಿದವಳು. ಗದ್ದೆಯಲ್ಲಿ ಅವಳು ಜಾರಿಬಿದ್ದದ್ದನ್ನು ನಾನು ಕಂಡಿಲ್ಲ. ಅವಳು ಬಿದ್ದದ್ದು ಗಂಗಾವತಿಯಲ್ಲಿ ನಾನು ಕಟ್ಟಿಸಿದ ಮನೆಯ ಬಚ್ಚಲಲ್ಲಿ, ಎಪ್ಪತ್ತೊಂದನೇ ವಯಸ್ಸಿನಲ್ಲಿ. ಕನ್ನಡಿಯಂತೆ ಹೊಳೆಯುವ ಬಿಳಿ ಟೈಲ್ಸ್ ಆರಿಸಿದವನು ನಾನೇ. ರಾತ್ರಿ ಮೂತ್ರಕ್ಕೆಂದು ಎದ್ದಿದ್ದಳು, ದೀಪ ಹಚ್ಚಿರಲಿಲ್ಲ, ನೆಲದ ಮೇಲೆ ಸಾಬೂನು ನೀರಿನ ಪಸೆ ಇತ್ತು. ಹೊಳೆಯುವ ಟೈಲ್ಸ್ ಮೇಲೆ ಸಾಬೂನು ನೀರು ಅಂದರೆ ಅದು ಟೊರೊಂಟೊದ ಬ್ಲ್ಯಾಕ್ ಐಸ್‌ಗೆ ಏನೂ ಕಡಿಮೆ ಇಲ್ಲ.

ನಾವು ಉಳುಕಿದೆ ಎಂದುಕೊಂಡೆವು. ಎಣ್ಣೆ ಹಚ್ಚಿ ತಿಕ್ಕಿಸಿದೆವು, ಎಲುಬು ಕಟ್ಟುವವರಲ್ಲಿ ಒಯ್ದು ಕಟ್ಟು ಹಾಕಿಸಿದೆವು. ಅವಳ ಬಲಪಾದ ಹೊರಕ್ಕೆ ವಾಲಿತ್ತು, ಕಾಲು ಒಂದು ಬೆರಳು ಗಿಡ್ಡವಾದಂತೆ ಕಾಣುತ್ತಿತ್ತು. ತೊಡೆಮೂಳೆಯ ಕುತ್ತಿಗೆ ಮುರಿದಾಗ ಕಾಣುವ ಗುರುತೇ ಅದು. ನಮಗೆ ಗೊತ್ತಿರಲಿಲ್ಲ. ಎಕ್ಸ್-ರೇ ತೆಗೆಸಿದ್ದು ಹತ್ತು ದಿನದ ಮೇಲೆ. ಇಂಥ ಮುರಿತಕ್ಕೆ ಎರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ಮಲಗಿದ್ದಷ್ಟೂ ದಿನ ನ್ಯುಮೋನಿಯಾ, ರಕ್ತ ಹೆಪ್ಪುಗಟ್ಟುವುದು, ಬೆನ್ನಿನ ಹುಣ್ಣು ಒಂದರ ಹಿಂದೊಂದು ಬರುತ್ತವೆ. ಅವ್ವ ಬದುಕಿದಳು. ಆದರೆ ಬದುವಿನ ಮೇಲೆ ಮತ್ತೆ ಕಾಲಿಡಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಸ್ಥಾನ ಇದರದು. ಇವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಹಿಮ ಬೀಳುವ ದೇಶಗಳಲ್ಲಿ ನೆಲ ಜಾರುತ್ತದೆ ಎಂದು ಫಲಕ ಹಾಕುತ್ತಾರೆ, ಬೂಟು ಪರೀಕ್ಷಿಸುತ್ತಾರೆ, ಉಪ್ಪು ಚೆಲ್ಲುತ್ತಾರೆ. ನಾವು ವಯಸ್ಸಾಯಿತು, ಬಿದ್ದರು ಎಂದು ಸುಮ್ಮನಾಗುತ್ತೇವೆ. ವಯಸ್ಸಿನ ಮೇಲೆ ಹಾಕುವ ಈ ತಪ್ಪು ಬಹುಪಾಲು ನೆಲದ್ದು.

ನಮ್ಮ ಹಳೆಯ ಮನೆಗಳ ಬಚ್ಚಲಿಗೆ ಒರಟು ಕಲ್ಲಿನ ಹಾಸು ಇರುತ್ತಿತ್ತು, ಪಡಸಾಲೆಗೆ ಶಹಾಬಾದ ಪರಸಿ. ಈಗ ಕುಷ್ಟಗಿ, ಇಳಕಲ್ ಕಡೆಯ ಕೆಂಪು ಗ್ರಾನೈಟಿಗೆ ಕನ್ನಡಿ ಪಾಲಿಶ್ ಕೊಟ್ಟು ಕಟ್ಟೆಗೂ ಮೆಟ್ಟಿಲಿಗೂ ಹಾಕಿಸುತ್ತೇವೆ. ನಸುಕಿನಲ್ಲಿ ಅದರ ಮೇಲೆ ನೀರು ಹೊಡೆದು ರಂಗೋಲಿ ಹಾಕುವವರು ಮನೆಯ ಹೆಣ್ಣುಮಕ್ಕಳು. ಅದೇ ಕಲ್ಲನ್ನು ಪಾಲಿಶ್ ಮಾಡದೆ, ಬೆಂಕಿಯಲ್ಲಿ ಒರಟು ಮಾಡಿಸಿ ಹಾಕಿಸಬಹುದು. ಚೆಲುವು ಸ್ವಲ್ಪ ಕಡಿಮೆಯಾದೀತು, ಆಗಲಿ.

ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇನ್ನೊಂದು ತೊಡಕಿದೆ. ಅಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಅಪಾಯ. ಪ್ರಮಾಣ ಇನ್ನೂ ಏರಿದಲ್ಲಿ ಕೀಲು, ಬೆನ್ನು, ಕುತ್ತಿಗೆ ಬಿಗಿಯುತ್ತವೆ. ಎಲುಬು ದಪ್ಪವಾಗುತ್ತದೆ, ಗಟ್ಟಿಯಾಗುವುದಿಲ್ಲ. ಜಾರಿದಾಗ ತಟ್ಟನೆ ಮೈ ತಿರುಗಿಸಿ ಸಾವರಿಸಿಕೊಳ್ಳಲು ಬೇಕಾದ ಬಳುಕೇ ಅವರ ಮೈಯಲ್ಲಿ ಉಳಿದಿರುವುದಿಲ್ಲ. ಅಂಥ ಊರುಗಳಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಅದು ಬೀಳುವವರ ಲೆಕ್ಕಕ್ಕೂ ಸೇರುತ್ತದೆ.

ಜಾರುವ ನೆಲ ಮನೆಯೊಳಗೆ ಮಾತ್ರ ಅಲ್ಲ. ಆನೆಗೊಂದಿಯ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಮಳೆ ಬಂದಾಗ ಹತ್ತುವವರು ಬೀಳುವುದು ಕಡಿಮೆ, ಇಳಿಯುವವರೇ ಜಾರುವುದು ಹೆಚ್ಚು. ಇಳಿಯುವಾಗ ಪಾದ ಪೂರ್ತಿಯಾಗಿ ಮೆಟ್ಟಿಲ ಮೇಲೆ ಕೂರುವುದು ಕಷ್ಟವಲ್ಲ! ಸರಳು ಹಿಡಿದು, ಪಾದವನ್ನು ಓರೆಯಾಗಿ ಪೂರ್ತಿ ಮೆಟ್ಟಿಲಿಗೆ ಕೊಟ್ಟು ಇಳಿಯಿರಿ. ಬದುವಿನ ಮೇಲೆ, ಹಿಮದ ಮೇಲೆ ಹೇಳಿದ್ದೇ ಇಲ್ಲಿಗೂ.

ಓದುವವರಲ್ಲಿ ಒಂದು ಬೇಡಿಕೆ. ಇವತ್ತು ಸಂಜೆ ನಿಮ್ಮ ಮನೆಯ ಬಚ್ಚಲಿಗೆ ನೀರು ಹೊಡೆದು, ಗೋಡೆ ಹಿಡಿದು, ಬರಿಗಾಲಲ್ಲಿ ಒಂದು ಹೆಜ್ಜೆ ಇಟ್ಟು ನೋಡಿ. ಕಾಲು ಜಾರಿದರೆ ನಾಳೆಯೇ ಒರಟು ರಬ್ಬರ್ ಹಾಸು ತಂದು ಹಾಸಿ. ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿ, ಕೆಲವು ನೂರು ರೂಪಾಯಿಯ ಕೆಲಸ. ಟವೆಲ್ ಸರಳು ಹಿಡಿಕೆಯಲ್ಲ, ಅದು ಮೈಭಾರ ತಡೆಯುವುದಿಲ್ಲ. ಹಿರಿಯರ ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪ ಹಾಕಿ. ಬಿಪಿ ಗುಳಿಗೆ ನುಂಗುವವರಿದ್ದರೆ ಎದ್ದ ಕೂಡಲೇ ನಡೆಯದೆ ಮಂಚದ ಅಂಚಿಗೆ ಒಂದು ನಿಮಿಷ ಕೂತು ಏಳಲು ಹೇಳಿ. ಯಾರಾದರೂ ಬಿದ್ದು, ಪಾದ ಹೊರಕ್ಕೆ ವಾಲಿ, ಎದ್ದು ನಿಲ್ಲಲಾಗದಿದ್ದರೆ ಎಣ್ಣೆ ತಿಕ್ಕಬೇಡಿ, ಕಟ್ಟು ಹಾಕಿಸಬೇಡಿ. 108ಕ್ಕೆ ಫೋನ್ ಮಾಡಿ, ಅದೇ ದಿನ ಎಕ್ಸ್-ರೇ ತೆಗೆಸಿ.